ಟರ್ಬೊ ಇಂಜಿನ್ನಿಗೆ ಹೆಡ್ಡು, ಕ್ಯಾಮ್‌ಶಾಫ್ಟು: ಕೊಳ್ಳುವ ಮುನ್ನ ತಿಳಿದಿರಲಿ

ಕಬ್ಬಿನ ಹಂಗಾಮು ಶುರುವಾಗುವ ಮುಂಚೆ ಸೊಲ್ಲಾಪುರ, ಅಕ್ಕಲಕೋಟ, ಜತ್ತ ಭಾಗದ ಗ್ಯಾರೇಜುಗಳಲ್ಲಿ ಇಂಜಿನ್ ಬಿಚ್ಚುವ ಕೆಲಸ ಜೋರು. ಆಗ ಲಾರಿ, ಟ್ರ್ಯಾಕ್ಟರ್ ಮಾಲೀಕರಿಗೆ ಕೈ ಸುಡುವ ಎರಡು ಸಾಮಾನುಗಳೆಂದರೆ ಸಿಲಿಂಡರ್ ಹೆಡ್ಡು ಮತ್ತು ಕ್ಯಾಮ್‌ಶಾಫ್ಟು. ಖರ್ಚು ಉಳಿಸಲು ಹಳೆ ಸಾಮಾನಿನ ಅಂಗಡಿಗೆ ಹೋದರೆ, "ಟರ್ಬೊ ಇದ್ರೇನು, ಇರದಿದ್ರೇನ್ರಿ, ಹೆಡ್ ಎರಡೂ ಒಂದ ಅದಾವ. ಬೋಲ್ಟ್ ಕೂತ್ರ ಮುಗೀತು" ಎಂಬ ಮಾತು ಕೇಳಿಬರುತ್ತದೆ. ಈ ಮಾತನ್ನು ನಂಬಿದರೆ ಹಂಗಾಮಿನ ನಡುವೆಯೇ ಗಾಡಿ ನಿಲ್ಲುವ ಸಂಭವವಿದೆ.

ಟರ್ಬೊ ಹೊಸ ವಿದ್ಯೆಯೇನಲ್ಲ. ಸ್ವಿಟ್ಜರ್ಲೆಂಡಿನ ಆಲ್‌ಫ್ರೆಡ್ ಬ್ಯುಕಿ ಎಂಬ ಇಂಜಿನಿಯರ್ 1905ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದ. ಇಂಜಿನ್ನಿನಿಂದ ಹೊರಬೀಳುವ ಬಿಸಿ ಹೊಗೆ ಒಂದು ಚಕ್ರವನ್ನು ತಿರುಗಿಸುತ್ತದೆ. ಅದೇ ಶಾಫ್ಟಿನ ಇನ್ನೊಂದು ತುದಿಯ ಚಕ್ರ ಗಾಳಿಯನ್ನು ಒತ್ತಿ ಸಿಲಿಂಡರಿಗೆ ತುಂಬುತ್ತದೆ. ಗಾಳಿ ಹೆಚ್ಚಿದಷ್ಟು ಡೀಸೆಲ್ ಉರಿಯುತ್ತದೆ, ತಾಕತ್ತು ಹೆಚ್ಚುತ್ತದೆ. ಅದರ ಜೊತೆಗೆ ಬಿಸಿಯೂ ಒತ್ತಡವೂ ಹೆಚ್ಚುತ್ತವೆ. ಇವೆರಡನ್ನೂ ಮೊದಲು ತಾಳಬೇಕಾದದ್ದು ಹೆಡ್ಡು.

ಹೆಡ್ಡಿನಲ್ಲಿ ನೋಡಬೇಕಾದ ಮೊದಲ ಜಾಗ ಎರಡು ವಾಲ್ವುಗಳ ನಡುವಿನ ಕಿರಿದಾದ ಲೋಹ. ಬಿರುಕು ಹೆಚ್ಚಾಗಿ ಬಿಡುವುದು ಅಲ್ಲಿಯೇ. ಕಣ್ಣಿಗೆ ಕಾಣದ ಬಿರುಕೂ ಇರುತ್ತದೆ. ಆದ್ದರಿಂದ ಹಳೆ ಹೆಡ್ಡನ್ನು ಪ್ರೆಶರ್ ಟೆಸ್ಟ್ ಮಾಡಿಸದೆ ಕೊಳ್ಳಬಾರದು. ಎರಡನೆಯದು ಹೊಗೆ ಹೊರಹೋಗುವ ಎಕ್ಸಾಸ್ಟ್ ವಾಲ್ವು ಮತ್ತು ಅದರ ಸೀಟು. ಟರ್ಬೊ ಇಂಜಿನ್ನಿಗೆ ಬಿಸಿ ತಡೆಯುವ ಗಟ್ಟಿ ಲೋಹದ ವಾಲ್ವು, ಸೀಟು ಬೇಕು. ಸಾಧಾರಣ ವಾಲ್ವು ಅಳತೆಗೆ ಸರಿಯಾಗಿ ಕೂತರೂ ಬೇಗ ಸುಟ್ಟುಹೋಗುತ್ತದೆ.

ಮೂರನೆಯದು ವಾಲ್ವಿನ ಸ್ಪ್ರಿಂಗು. ಲೆಕ್ಕ ಸುಲಭ. ಗಾಳಿ ಒಳಬರುವ ವಾಲ್ವು 40 ಮಿ.ಮೀ. ಅಗಲವಿದ್ದರೆ ಅದರ ವಿಸ್ತೀರ್ಣ ಸುಮಾರು 12.5 ಚದರ ಸೆಂ.ಮೀ. ಟರ್ಬೊ 1 ಬಾರ್, ಅಂದರೆ ಚದರ ಸೆಂ.ಮೀ.ಗೆ ಹೆಚ್ಚುಕಡಿಮೆ 1 ಕೆ.ಜಿ. ಒತ್ತಡ ಕೊಟ್ಟರೆ, ಮುಚ್ಚಿರುವ ವಾಲ್ವಿನ ಬೆನ್ನಿಗೆ ಸುಮಾರು 12.5 ಕೆ.ಜಿ. ಬಲ ಬೀಳುತ್ತದೆ. ಸೋತ ಸ್ಪ್ರಿಂಗು ಇದಕ್ಕೆ ಎದುರು ನಿಂತು ವಾಲ್ವನ್ನು ಬಿಗಿಯಾಗಿ ಮುಚ್ಚಿಡಲಾರದು.

ಹೆಡ್ಡು ಬಾಗಿದ್ದರೆ ಸಾಣೆ ಹಿಡಿಸಿ ಸಮ ಮಾಡುತ್ತಾರೆ. ಇದಕ್ಕೂ ಮಿತಿಯಿದೆ. ಡೀಸೆಲ್ ಇಂಜಿನ್ನಿನಲ್ಲಿ ಪಿಸ್ಟನ್ ಮೇಲೆ ಬಂದಾಗ ಹೆಡ್ಡಿಗೂ ಅದಕ್ಕೂ ಉಳಿಯುವ ಸಂದು ಸುಮಾರು 1 ಮಿ.ಮೀ. ಮಾತ್ರ. ಹೆಚ್ಚು ಸಾಣೆ ಹಿಡಿದರೆ ನೋಜಲ್ ತುದಿ ಕೆಳಗಿಳಿಯುತ್ತದೆ, ವಾಲ್ವು ಪಿಸ್ಟನ್ನಿಗೆ ತಾಗುವ ಅಪಾಯವೂ ಇದೆ. ಇನ್ನು, ಹೆಚ್ಚು ಗಾಳಿ ಬರಲೆಂದು ಪೋರ್ಟುಗಳನ್ನು ಕೊರೆದು ದೊಡ್ಡದು ಮಾಡಿಸುವುದು ಕಬ್ಬು ಎಳೆಯುವ ಗಾಡಿಗೆ ತಕ್ಕದ್ದಲ್ಲ. ಗೋಡೆ ತೆಳುವಾದರೆ ಒಳಗಿನ ನೀರಿನ ದಾರಿಗೆ ತೂತು ಬೀಳುತ್ತದೆ.

ಇನ್ನು ಕ್ಯಾಮ್‌ಶಾಫ್ಟು. ಸೊಲ್ಲಾಪುರಕ್ಕೆ ಇದರ ಪರಿಚಯ ಬೇಡ. 1992ರಲ್ಲಿ ಶುರುವಾದ ಇಲ್ಲಿನ ಪ್ರಿಸಿಷನ್ ಕ್ಯಾಮ್‌ಶಾಫ್ಟ್ಸ್ ಕಾರ್ಖಾನೆ ದೇಶ ವಿದೇಶದ ಕಾರು ಕಂಪನಿಗಳಿಗೆ ಮಾಲು ಕಳಿಸುತ್ತ ಬಂದಿದೆ. ಕ್ರ್ಯಾಂಕು ಎರಡು ಸುತ್ತು ತಿರುಗಿದರೆ ಕ್ಯಾಮು ಒಂದು ಸುತ್ತು. ಅದರ ಮೇಲಿನ ಮೊಟ್ಟೆಯಾಕಾರದ ಉಬ್ಬುಗಳೇ ವಾಲ್ವು ಯಾವಾಗ ತೆರೆಯಬೇಕು, ಎಷ್ಟು ಹೊತ್ತು ತೆರೆದಿರಬೇಕು ಎಂಬುದನ್ನು ತೀರ್ಮಾನಿಸುತ್ತವೆ.

ಹೊಗೆಯ ವಾಲ್ವು ಮುಚ್ಚುವ ಮೊದಲೇ ಗಾಳಿಯ ವಾಲ್ವು ತೆರೆಯುತ್ತದೆ. ಸ್ವಲ್ಪ ಹೊತ್ತು ಎರಡೂ ತೆರೆದಿರುತ್ತವೆ. ಇದಕ್ಕೆ ಓವರ್‌ಲ್ಯಾಪ್ ಎನ್ನುತ್ತಾರೆ. ಟರ್ಬೊ ಇಲ್ಲದ ಇಂಜಿನ್ ವೇಗವಾಗಿ ಓಡುವಾಗ, ಹೊರಹೋಗುವ ಹೊಗೆ ತನ್ನ ಹಿಂದೆ ಹೊಸ ಗಾಳಿಯನ್ನು ಎಳೆದುಕೊಳ್ಳುತ್ತದೆ. ಅದಕ್ಕೇ ರೇಸಿನ ಕ್ಯಾಮುಗಳಲ್ಲಿ ಓವರ್‌ಲ್ಯಾಪ್ ಹೆಚ್ಚು. ಟರ್ಬೊದಲ್ಲಿ ಹಾಗಲ್ಲ. ಚಕ್ರ ತಿರುಗಿಸಬೇಕಾದ ಹೊಗೆ ಮ್ಯಾನಿಫೋಲ್ಡಿನಲ್ಲಿ ಕಟ್ಟಿಕೊಳ್ಳುತ್ತದೆ. ಅಲ್ಲಿಯ ಒತ್ತಡ ಒಳಬರುವ ಗಾಳಿಗಿಂತ ಹೆಚ್ಚಾದರೆ ಬಿಸಿ ಹೊಗೆ ಮರಳಿ ಸಿಲಿಂಡರಿಗೇ ನುಗ್ಗುತ್ತದೆ. ಆದ್ದರಿಂದ ಟರ್ಬೊ ಕ್ಯಾಮಿನಲ್ಲಿ ಓವರ್‌ಲ್ಯಾಪ್ ಸಾಮಾನ್ಯವಾಗಿ ಕಡಿಮೆ. ಪೆಟ್ರೋಲ್ ಕಾರು ಸುಧಾರಿಸುವವರು ಉಬ್ಬುಗಳ ನಡುವಿನ ಕೋನವನ್ನು ಟರ್ಬೊ ಇಲ್ಲದ ರೇಸ್ ಇಂಜಿನ್ನಿಗೆ 106ರಿಂದ 110 ಡಿಗ್ರಿ, ಟರ್ಬೊ ಇದ್ದರೆ 112ರಿಂದ 116 ಡಿಗ್ರಿಯ ಆಸುಪಾಸಿನಲ್ಲಿ ಇಡುವುದು ಇದೇ ಕಾರಣಕ್ಕೆ.

ಸವೆದ ಕ್ಯಾಮನ್ನು ಮತ್ತೆ ಸಾಣೆ ಹಿಡಿಸಿ ಮಾರುವುದೂ ಉಂಟು. ಉಬ್ಬಿನ ಮೇಲ್ಪದರ ಮಾತ್ರ ಗಟ್ಟಿ ಮಾಡಿದ್ದಾದರೆ ಸಾಣೆಯಲ್ಲಿ ಆ ಪದರ ಹೋಗುತ್ತದೆ. ಮತ್ತೆ ಗಟ್ಟಿ ಮಾಡಿಸದಿದ್ದರೆ ಅದು ಬಹಳ ದಿನ ಬಾಳುವುದಿಲ್ಲ.

ಟಾಟಾ 407 ಗಾಡಿಯ 497 ಇಂಜಿನ್ ಟರ್ಬೊ ಇಲ್ಲದೆಯೂ ಬಂದಿದೆ, ಟರ್ಬೊ ಮತ್ತು ಇಂಟರ್‌ಕೂಲರ್ ಸಮೇತವೂ ಬಂದಿದೆ. ಹೆಸರಿನ ಅಂಕಿ ಒಂದೇ ಎಂದ ಮಾತ್ರಕ್ಕೆ ಸಾಮಾನು ಒಂದೇ ಎಂದು ತಿಳಿಯಬಾರದು. ಇಂಜಿನ್ ನಂಬರು ಬರೆದುಕೊಂಡು ಹೋಗಿ ಕಂಪನಿಯ ಪುಸ್ತಕದಲ್ಲಿ ಪಾರ್ಟ್ ನಂಬರು ತಾಳೆ ನೋಡಿ. ಹೆಡ್ ಗ್ಯಾಸ್ಕೆಟ್ಟಿಗೂ ಬೋಲ್ಟಿಗೂ ಇದೇ ಮಾತು. ಬೋಲ್ಟನ್ನು ಕೈಯಂದಾಜಿನಲ್ಲಿ ಬಿಗಿಯದೆ ಟಾರ್ಕ್ ಪಾನಾದಲ್ಲೇ ಬಿಗಿಸಿ. ಕ್ಯಾಮಿನ ಗೇರು ಕೂರಿಸುವಾಗ ಗುರುತಿಗೆ ಗುರುತು ಕೂಡಿದ್ದನ್ನು ಕಣ್ಣಾರೆ ನೋಡಿ.

ವ್ಯಾಪಾರಸ್ಥರೂ ಟರ್ಬೊ ಸಾಮಾನು, ಸಾದಾ ಸಾಮಾನು ಬೇರೆಬೇರೆ ಇಟ್ಟು ಮಾರಿದರೆ ಗಿರಾಕಿ ಮತ್ತೆ ಅದೇ ಅಂಗಡಿಗೆ ಬರುತ್ತಾನೆ. ಬಿಲ್ಲು ಮರಾಠಿಯಲ್ಲಿರಲಿ, ಕನ್ನಡದಲ್ಲಿರಲಿ, ಅದರ ಮೇಲೆ ಪಾರ್ಟ್ ನಂಬರು ಮಾತ್ರ ತಪ್ಪದೆ ಬರೆಸಿಕೊಳ್ಳಿ.