ಅಂಗೈ ಮೇಲಿನ ಜಂಬೊ

ಏರ್ ಇಂಡಿಯಾ ತನ್ನ ಬೋಯಿಂಗ್ 747-200 ಜಂಬೊಗಳಿಗೆ ಅರಸರ ಹೆಸರಿಡುತ್ತಿತ್ತು. 1971ರಲ್ಲಿ ಬಂದ ಮೊದಲನೆಯದು ಸಾಮ್ರಾಟ ಅಶೋಕ. ಆಮೇಲೆ ಷಹಜಹಾನ್, ರಾಜೇಂದ್ರ ಚೋಳ, ಅಕ್ಬರ್, ಕನಿಷ್ಕ. ವಿಟಿ-ಇಎಫ್‌ಯು ಎಂಬ ನೋಂದಣಿಯ ಜಂಬೊ ಕೃಷ್ಣದೇವರಾಯ. ಕಿಟಕಿಗಳ ಸುತ್ತ ಕೆಂಪು ಝರೋಕಗಳನ್ನು, ಅಂದರೆ ಅರಮನೆ ಕಿಟಕಿಯಂಥ ಕಮಾನುಗಳನ್ನು ಬರೆಸಿಕೊಂಡು ಖಂಡಾಂತರ ಓಡಾಡಿದ ಈ ವಿಮಾನಗಳು ಈಗ ಹಾರುತ್ತಿಲ್ಲ. ಆದರೆ ಅಂಥದೊಂದನ್ನು ಅಂಗೈ ಮೇಲಿಟ್ಟುಕೊಂಡು ನೋಡಲು ದಾಂಡೇಲಿಯಲ್ಲೊಂದು ಮನೆಯಿದೆ.

ಹೆಸರು ಹಾಕಬೇಡಿ ಎಂದಿದ್ದಾರೆ ಮನೆಯವರು. ಓಣಿಗೆಲ್ಲ ಅವರು ಕಾಕಾ, ನಮಗೂ ಹಾಗೇ ಇರಲಿ. ಕಾಗದ ಕಾರ್ಖಾನೆಯ ಪರೀಕ್ಷಾಲಯದಲ್ಲಿ ಹಾಳೆಯ ದಪ್ಪ, ತೂಕ, ಬಿಳುಪು ಅಳೆಯುತ್ತಲೇ ತಲೆಗೂದಲು ಬೆಳ್ಳಗಾದವರು. ನಿವೃತ್ತಿಯಾದರೂ ವರ್ನಿಯರ್ ಕ್ಯಾಲಿಪರ್ ಕೈಬಿಟ್ಟಿಲ್ಲ. ಈಗ ಅದರ ದವಡೆಗೆ ಸಿಗುವುದು ಡೈ-ಕಾಸ್ಟ್ ವಿಮಾನಗಳು, ಅಂದರೆ ಕರಗಿದ ಸತುವಿನ ಮಿಶ್ರಲೋಹವನ್ನು ಉಕ್ಕಿನ ಅಚ್ಚಿಗೆ ಒತ್ತಡದಿಂದ ನುಗ್ಗಿಸಿ ಮಾಡಿದ ಮಾದರಿಗಳು.

ನಾನು ಒಂದನ್ನು ಎತ್ತಿ, ಒಳ್ಳೇ ಭಾರವಿದೆ ಎಂದೆ. ಕಾಕಾ ನಕ್ಕರು. “ತೂಕ ಐತಿ ಅಂದ್ರ ಚಲೋ ಐತಿ ಅಂತ ತಿಳೀಬ್ಯಾಡ್ರಿ. ತೂಗಿ ತಗೊಳಾಕ ಇದೇನು ಬೆಲ್ಲಾನ?”

ಅವರ ಲೆಕ್ಕ ನಾನೂರರ ಭಾಗಾಕಾರದಿಂದ ಶುರುವಾಗುತ್ತದೆ. ಸಂಗ್ರಹದ ಬಹುಪಾಲು 1:400 ಪ್ರಮಾಣದ್ದು. ಜಂಬೊ 747-200ರ ಉದ್ದ 70.66 ಮೀಟರ್, ಹಾಗಾಗಿ ಮಾದರಿ 176.6 ಮಿಲಿಮೀಟರ್ ಇರಬೇಕು. ರೆಕ್ಕೆಯ ತುದಿಯಿಂದ ತುದಿಗೆ 59.6 ಮೀಟರ್, ಮಾದರಿಯಲ್ಲಿ 149. ಮುಂದೆ ಬಂದ 747-400ರ ಉದ್ದ ಅಷ್ಟೇ, ರೆಕ್ಕೆ ಮಾತ್ರ 64.4 ಮೀಟರಿಗೆ ಬೆಳೆದು ತುದಿಯಲ್ಲಿ ಮೇಲಕ್ಕೆ ನಿಂತಿತು, ಮೇಲಂತಸ್ತೂ ಹಿಂದಕ್ಕೆ ಚಾಚಿತು. ಅಚ್ಚಿನ ಖರ್ಚು ಉಳಿಸಲು ಒಂದರ ಮೈಗೆ ಇನ್ನೊಂದರ ಬಣ್ಣ ಬಳಿದರೆ ವರ್ನಿಯರ್ ಹನ್ನೆರಡು ಮಿಲಿಮೀಟರ್ ಹೆಚ್ಚು ತೋರಿಸುತ್ತದೆ. ಅಲ್ಲಿಗೆ ಮುಗಿಯಿತು.

ಎ320 ನಿಯೋ ವಿಷಯದಲ್ಲಿ ಕಳ್ಳತನ ಇಷ್ಟು ಸುಲಭಕ್ಕೆ ಸಿಗುವುದಿಲ್ಲ. ಇಂಡಿಗೋದ ಹಳೆಯ ಎ320ಗಳ ಎಂಜಿನ್ ಫ್ಯಾನಿನ ಅಗಲ ಸುಮಾರು 1.6 ಮೀಟರ್. 2016ರಿಂದ ಬಂದ ನಿಯೋಗಳ ಪ್ರಾಟ್ ಅಂಡ್ ವಿಟ್ನಿ ಎಂಜಿನ್ನಿನದು 2 ಮೀಟರಿಗೂ ತುಸು ಹೆಚ್ಚು. ನಾನೂರರಲ್ಲಿ ಭಾಗಿಸಿದರೆ ಎರಡಕ್ಕೂ ನಡುವೆ ಉಳಿಯುವುದು ಒಂದೇ ಮಿಲಿಮೀಟರ್. ಹಳೆಯ ಎಂಜಿನ್ ಅಂಟಿಸಿ ‘ನಿಯೋ’ ಎಂದು ಮುದ್ರಿಸಿದ ಮಾದರಿಯನ್ನು ಕಾಕಾ ಆ ಒಂದು ಮಿಲಿಮೀಟರಿನಲ್ಲಿ ಹಿಡಿದಿದ್ದಾರೆ. ಹುಬ್ಬಳ್ಳಿಗೆ ಬಂದುಹೋದ ಎಟಿಆರ್ 72-600 ಇದ್ದರೆ ಪ್ರೊಪೆಲ್ಲರಿನ ಎಲೆ ಎಣಿಸಿದರಾಯಿತು, ಆರಿರಬೇಕು.

ಆದರೂ ಅವರ ಮಟ್ಟಿಗೆ ಮೊದಲ ಪರೀಕ್ಷೆ ಅಳತೆಯದಲ್ಲ, ಮೂತಿಯದು. ಎ320ರ ಮೂತಿ ಗುಂಡಗೆ, 737ರದ್ದು ಚೂಪು. ಪೈಲಟ್ ಕಿಟಕಿಗಳು ಕೂದಲೆಳೆಯಷ್ಟು ಕೆಳಗಿಳಿದರೂ ಇಡೀ ವಿಮಾನಕ್ಕೆ ಅಳುಮೋರೆ ಬರುತ್ತದೆ. ಅದಾದ ಮೇಲೆ ಹೊಟ್ಟೆ ತಿರುಗಿಸಿ ರೆಕ್ಕೆ ಸೇರುವ ಜಾಗ ನೋಡುತ್ತಾರೆ. ಹಳೆಯ ಅಚ್ಚುಗಳಲ್ಲಿ ರೆಕ್ಕೆಯೂ ಹೊಟ್ಟೆಯೂ ಒಂದೇ ತುಂಡಾಗಿ ಕೆಳಗಿನಿಂದ ಕೂರುತ್ತಿದ್ದವು, ಪಕ್ಕದಲ್ಲಿ ಬಿರುಕು ಕಾಣುತ್ತಿತ್ತು. ಚಕ್ರಗಳ ಕಾಲು ಉದ್ದವಾದರೆ ನಿಲುವೇ ಕೆಡುತ್ತದೆ. ಕೊನೆಗೆ ಭೂತಗನ್ನಡಿ. ಬಣ್ಣವನ್ನು ಮೆತ್ತನೆಯ ಸಿಲಿಕೋನ್ ಗುಂಡಿಯಿಂದ ಒತ್ತುವುದು, ಒಂದೊಂದು ಬಣ್ಣಕ್ಕೂ ಬೇರೆ ಒತ್ತು. ಗುರಿ ಚೂರು ತಪ್ಪಿದರೆ ಝರೋಕ ಒಂದು ಕಡೆ, ಕಿಟಕಿ ಇನ್ನೊಂದು ಕಡೆ. ನೋಂದಣಿ ಸಂಖ್ಯೆ ಓದಿ, ಆ ವಿಮಾನದ ಅದೇ ಕಾಲದ ಫೋಟೊ ಪಕ್ಕದಲ್ಲಿಟ್ಟುಕೊಳ್ಳುತ್ತಾರೆ. 1989ರಲ್ಲಿ ಏರ್ ಇಂಡಿಯಾ ಹೊಸ ಬಣ್ಣ ಬಳಿಸಿತ್ತಲ್ಲ, ಇಸವಿ ತಪ್ಪಿದರೆ ವಿಮಾನವೇ ತಪ್ಪು. ಇಷ್ಟೆಲ್ಲ ಬೇಕೇ ಎಂದು ಕೇಳಬಹುದು. ನಾನೂ ಕೇಳಿದೆ. “ಆಟಿಕಿ ಬೇಕಂದ್ರ ಜಾತ್ರ್ಯಾಗ ಸಿಗತಾವಲ್ರಿ” ಅಂದರು.

ಚರಿತ್ರೆ ಅವರ ಬಾಯಲ್ಲಿ ಎರಡೇ ಮಾತು. ಇಂಗ್ಲೆಂಡಿನ ಡಿಂಕಿ ಟಾಯ್ಸ್ 1930ರ ದಶಕದಲ್ಲೇ ಲೋಹದ ವಿಮಾನ ಮಾಡುತ್ತಿತ್ತು. ಜರ್ಮನಿಯ ಹೆರ್ಪಾ 1:500ರ ಪ್ರಮಾಣವನ್ನೂ ಅಮೆರಿಕದ ಜೆಮಿನಿ ಜೆಟ್ಸ್ 1:400ನ್ನೂ ಜನಪ್ರಿಯ ಮಾಡಿದವು. ಈಗ ಎರಕವೆಲ್ಲ ಹೆಚ್ಚಾಗಿ ಚೀನಾದಲ್ಲಿ. ಸತುವಿಗೆ ಸೀಸದ ಕಲಬೆರಕೆಯಾದರೆ ಲೋಹ ಒಳಗಿಂದಲೇ ಬಿರಿದು ಪುಡಿಯಾಗುತ್ತದೆ. ಮೂವತ್ತರ ದಶಕದ ಎಷ್ಟೋ ಡಿಂಕಿಗಳು ಹಾಗೇ ಉದುರಿದವು, ತೇವ ಹೆಚ್ಚಿದಷ್ಟೂ ಬೇಗ. ಇದನ್ನು ಹೇಳುವಾಗ ಕಾಕಾ ಕಿಟಕಿಯಾಚೆ ಜೊಯಿಡಾದ ಕಡೆ ಕೈ ತೋರಿಸುತ್ತಾರೆ. ಆ ದಿಕ್ಕಿನ ಮಳೆಗಾಲ ಗೊತ್ತಿದ್ದವರಿಗೆ ಹೆಚ್ಚು ಹೇಳಬೇಕಿಲ್ಲ. ಡಬ್ಬಿಗಳಲ್ಲಿ ಸಿಲಿಕಾ ಜೆಲ್ ಪೊಟ್ಟಣ ತುಂಬಿವೆ. ಮುಂಡಗೋಡದ ಟಿಬೆಟನ್ ಕ್ಯಾಂಪಿನ ಗೆಳೆಯರೊಬ್ಬರು ಹೊರದೇಶಕ್ಕೆ ಹೋಗಿಬರುವಾಗ ವಿಮಾನದಲ್ಲೇ ಮಾರುವ ಪ್ಲಾಸ್ಟಿಕ್ ಮಾದರಿ ತಂದುಕೊಡುತ್ತಾರೆ. ಅಳತೆಯಲ್ಲಿ ಅವು ನಪಾಸು, ಆದರೂ ಕಪಾಟಿನ ಮುಂದಿನ ಸಾಲು ಅವುಗಳದ್ದೇ.

ದಾಂಡೇಲಿ, ಜೊಯಿಡಾ, ಹಳಿಯಾಳ, ಮುಂಡಗೋಡ, ಈ ನಾಲ್ಕೂ ತಾಲ್ಲೂಕಿನ ಮಕ್ಕಳಿಗೆ ವಿಮಾನವೆಂದರೆ ಕಾಡಿನ ಮೇಲೆ ಹಾದುಹೋಗುವ ಬಿಳಿ ಗೆರೆ. ಜಿಲ್ಲೆಯೊಳಗೇ ಮುಟ್ಟುವಷ್ಟು ಹತ್ತಿರದಿಂದ ನೋಡಬೇಕೆಂದರೆ ಕಾರವಾರಕ್ಕೆ ಹೋಗಬೇಕು. ನೌಕಾಪಡೆಯಲ್ಲಿ 1988ರಿಂದ 2017ರವರೆಗೆ ದುಡಿದ ಟುಪೊಲೆವ್ ಟಿಯು-142 ವಿಮಾನಗಳಲ್ಲಿ ಒಂದು ಅಲ್ಲಿ ಟ್ಯಾಗೋರ್ ಕಡಲತೀರದಲ್ಲಿ ನಿಂತಿದೆ. ಒಂದೊಂದು ಎಂಜಿನ್ನಿಗೂ ಎದುರುಬದುರು ತಿರುಗುವ ಎರಡು ಪ್ರೊಪೆಲ್ಲರ್. ಒಟ್ಟು ಎಲೆ ಎಷ್ಟು, ಎಣಿಸಿಕೊಂಡು ಬನ್ನಿ ಎಂದು ಕಾಕಾ ಓಣಿಯ ಹುಡುಗರನ್ನು ಕಳಿಸುತ್ತಾರೆ. ಸರಿಯಾಗಿ ಎಣಿಸಿದರೆ ಮೂವತ್ತೆರಡು. ಹೆಚ್ಚಿನವರು ಸೆಲ್ಫಿ ತೆಗೆದುಕೊಂಡು ಬರುತ್ತಾರಂತೆ.

ಇಂಥ ಕಣ್ಣು ಮಾಡಿಕೊಡುವ ಪಾಠ ಯಾವ ಶಾಲೆಯಲ್ಲೂ ಇಲ್ಲ ಎಂಬುದು ನನ್ನ ತಕರಾರು. ಕಾಕಾ ಬಳಿ ನಲವತ್ತು ಪುಟದ ಎರಡು ಪುಸ್ತಕಗಳಿವೆ. ಎಡಗಡೆ ನಿಜ ವಿಮಾನದ ಅಳತೆ, ಬಲಗಡೆ ಮಾದರಿಯದು, ಕೊನೆಯ ಕಾಲಂನಲ್ಲಿ ಕನ್ನಡದಲ್ಲಿ ಒಂದೊಂದು ಸಾಲು ಷರಾ. ಪುಣೆಯಲ್ಲಿರುವ ಮೊಮ್ಮಗನಿಗೆ ಮಾದರಿಗಳು ಬೇಕು, ಪುಸ್ತಕ ಬೇಡ. ಹಳಿಯಾಳದ ಶಾಲೆಯೊಂದಕ್ಕೆ ಎರಡನ್ನೂ ಒಟ್ಟಿಗೇ ಕೊಡುವ ಮನಸ್ಸಿದೆ ಕಾಕಾಗೆ. ಗಾಜಿನ ಕಪಾಟು ಆದ ಮೇಲೆ ನೋಡೋಣ ಎಂದಿದೆ ಶಾಲೆ. ಸಾಗವಾನಿಯ ಕಪಾಟಿಗೆಂದು ಬಡಿಗೇರ ಬೇಸಿಗೆಯಲ್ಲೇ ಅಳತೆ ತೆಗೆದುಕೊಂಡು ಹೋಗಿದ್ದಾನೆ. “ಬಂದ್ರ ಬಂದ,” ಅಂದರು ಕಾಕಾ, “ಅಳತೀನರ ಬರಕೊಂಡಾನೋ ಇಲ್ಲೋ.”