ಚಿಗಟಗಳ ಉಪದ್ರವವೂ ಅದರ ನಿವಾರಣೋಪಾಯವೂ

ಹೊಲ ಮನೆಗಳ ಕಾವಲಿಗೆ ನಾಯಿಯನ್ನೂ, ಇಲಿಗಳ ಹಾವಳಿಯನ್ನು ತಗ್ಗಿಸಲು ಬೆಕ್ಕನ್ನೂ ಸಾಕುವುದು ಒಕ್ಕಲು ಮನೆಗಳಲ್ಲಿ ಹಿಂದಿನಿಂದ ನಡೆದುಬಂದ ಪದ್ಧತಿ. ಇವುಗಳ ಮೈಯಲ್ಲಿ ಚಿಗಟ ಕಾಣಿಸಿದಾಗ ಬಹು ಮಂದಿ ಒಮ್ಮೆ ಮೈತೊಳೆದು ಸುಮ್ಮನಾಗುವರು. ಕೆಲವೇ ದಿನಗಳಲ್ಲಿ ಚಿಗಟಗಳು ಮೊದಲಿನಂತೆಯೇ ತುಂಬಿಕೊಳ್ಳುವುವು. ಇದಕ್ಕೆ ಕಾರಣವು ಸ್ಪಷ್ಟವಾಗಿದೆ. ಪ್ರಾಣಿಯ ಮೈಯಲ್ಲಿ ಕಾಣುವ ಚಿಗಟಗಳು ಒಟ್ಟು ಸಂತತಿಯ ಅಲ್ಪ ಭಾಗ ಮಾತ್ರ. ಉಳಿದುದು ಮನೆಯ ನೆಲದಲ್ಲಿಯೂ ಹಾಸಿಗೆಯಲ್ಲಿಯೂ ಅಡಗಿರುತ್ತದೆ.

ಜೀವನಕ್ರಮ:— ಹೆಣ್ಣು ಚಿಗಟವು ರಕ್ತವನ್ನು ಹೀರಿ ದಿನಕ್ಕೆ ೨೦ ರಿಂದ ೪೦ ಮೊಟ್ಟೆಗಳನ್ನಿಡುವುದು. ಇವು ನುಣುಪಾಗಿ, ಅಂಟಿಲ್ಲದೆ ಇರುವುದರಿಂದ ಪ್ರಾಣಿಯು ಮಲಗಿದಲ್ಲಿ, ಮೈಕೊಡವಿದಲ್ಲಿ ಉದುರಿಬೀಳುವುವು. ೨ ರಿಂದ ೧೦ ದಿನಗಳಲ್ಲಿ ಹೊರಬರುವ ಕಾಲಿಲ್ಲದ ಬಿಳಿಯ ಮರಿಹುಳುಗಳು ಬೆಳಕಿಗೆ ಅಂಜಿ ನೆಲದ ಬಿರುಕುಗಳಲ್ಲಿಯೂ ಗೋಣಿತಾಟಿನ ಅಡಿಯಲ್ಲಿಯೂ ಸೇರಿಕೊಂಡು, ದೊಡ್ಡ ಚಿಗಟಗಳ ಒಣಗಿದ ಹಿಕ್ಕೆಯನ್ನು ತಿಂದು ಬೆಳೆಯುವುವು. ಬಳಿಕ ರೇಷ್ಮೆಹುಳುವಿನಂತೆ ತಾವೂ ಒಂದು ಸಣ್ಣ ಗೂಡನ್ನು ಕಟ್ಟಿಕೊಳ್ಳುವುವು. ಈ ಗೂಡಿನೊಳಕ್ಕೆ ಔಷಧವು ಚೆನ್ನಾಗಿ ಇಳಿಯಲಾರದು. ಅದರೊಳಗಿನ ಚಿಗಟವು ತಿಂಗಳುಗಟ್ಟಲೆ ಕಾದಿದ್ದು, ನಡಿಗೆಯ ಅದುರಿಕೆ, ಮೈಯ ಕಾವು, ಉಸಿರು ಇವುಗಳ ಸುಳಿವು ಸಿಕ್ಕೊಡನೆ ಹೊರಬೀಳುವುದು. ಬಹುಕಾಲ ಬೀಗ ಹಾಕಿದ್ದ ಮನೆಯನ್ನು ಹೊಕ್ಕೊಡನೆ ಕಾಲಿಗೆ ಚಿಗಟಗಳು ಮುತ್ತುವುದು ಇದರಿಂದಲೇ.

ಕೇಡುಗಳು:— ನಾಯಿಮರಿ, ಬೆಕ್ಕಿನಮರಿ, ಕರು, ಆಡಿನಮರಿಗಳು ಚಿಗಟಗಳ ಕಾಟ ಹೆಚ್ಚಿದರೆ ರಕ್ತಹೀನವಾಗಿ ಸಾಯುವುದೂ ಉಂಟು. ನಾಯಿಯ ಒಂದು ಬಗೆಯ ಲಾಡಿಹುಳುವಿನ ಮರಿಯು ಚಿಗಟದೊಳಗೆ ಬೆಳೆಯುತ್ತದೆ. ಅಂತಹ ಚಿಗಟವು ಆಕಸ್ಮಿಕವಾಗಿ ಬಾಯಿಗೆ ಸೇರಿದರೆ ಮಕ್ಕಳಿಗೂ ಆ ಹುಳು ಅಂಟುವುದು.

ಪರೀಕ್ಷೆ:— ಪ್ರಾಣಿಯ ಕೂದಲನ್ನು ಸೀರಣಿಗೆಯಿಂದ ಬಾಚಿ, ಉದುರಿದ ಕರಿಯ ಕಣಗಳನ್ನು ಒದ್ದೆಯಾದ ಬಿಳಿಯ ಬಟ್ಟೆಯ ಮೇಲೆ ಹಾಕಬೇಕು. ಕಣದ ಸುತ್ತಲೂ ಕೆಂಪು ಕಲೆ ಹರಡಿದರೆ ಅದು ಚಿಗಟದ ಹಿಕ್ಕೆಯೆಂದು ತಿಳಿಯತಕ್ಕದ್ದು.

ನೆಲದ ಶುದ್ಧಿ:— ಪ್ರಾಣಿಯ ಚಿಕಿತ್ಸೆಯನ್ನೂ ನೆಲದ ಶುದ್ಧಿಯನ್ನೂ ಒಂದೇ ದಿನ ಆರಂಭಿಸಬೇಕು. ಜಗಲಿ, ಕೊಟ್ಟಿಗೆ, ಮಂಚದ ಅಡಿ, ಗೋಡೆಯ ಮೂಲೆಗಳನ್ನು ಗುಡಿಸಿ ಕಸವನ್ನು ತಿಪ್ಪೆಗೆ ಹಾಕದೆ ಸುಡತಕ್ಕದ್ದು. ಪ್ರಾಣಿಯ ಹಾಸನ್ನು ಕುದಿನೀರಿನಲ್ಲಿ ಅದ್ದಿ ಒಗೆದು, ಕಂಬಳಿಗಳನ್ನು ಸುಡುಬಿಸಿಲಿನಲ್ಲಿ ಹರವಬೇಕು. ಬಿಸಿಲನ್ನೂ ಒಣಹವೆಯನ್ನೂ ಮರಿಹುಳುಗಳು ತಾಳಲಾರವು. ಮಣ್ಣಿನ ನೆಲದ ಬಿರುಕುಗಳನ್ನು ಮೆತ್ತಿ ಸಾರಿಸಿ ಪೂರ್ತಿ ಒಣಗಲು ಬಿಡಬೇಕು. ಗೂಡುಗಳಿಂದ ಹೊಸ ಚಿಗಟಗಳು ಹೊರಡುತ್ತಲೇ ಇರುವುದರಿಂದ ಈ ಕೆಲಸವನ್ನು ಎರಡು ಮೂರು ತಿಂಗಳು ಬಿಡದೆ ನಡೆಸಬೇಕು. ಮೊದಲ ವಾರಗಳಲ್ಲಿ ಚಿಗಟಗಳು ಕಂಡವೆಂದು ಧೈರ್ಯಗೆಡಬೇಕಾದುದಿಲ್ಲ.

ಪ್ರಾಣಿಗಳ ಚಿಕಿತ್ಸೆ:— ನಾಯಿಗೆ ಸ್ನಾನ ಮಾಡಿಸುವಾಗ ಮೊದಲು ಕುತ್ತಿಗೆಯ ಸುತ್ತ ಸಾಬೂನಿನ ನೊರೆಯನ್ನು ಹಚ್ಚಿದರೆ ಚಿಗಟಗಳು ತಲೆಯತ್ತ ಓಡಲಾರವು. ಎಳೆಯ ಮರಿಗಳನ್ನು ಸೀರಣಿಗೆಯಿಂದ ಬಾಚಿ, ಸಿಕ್ಕ ಚಿಗಟಗಳನ್ನು ಸಾಬೂನು ನೀರಿನಲ್ಲಿ ಮುಳುಗಿಸುವುದೇ ಕ್ಷೇಮ. ಬೆನ್ನಿಗೆ ಬಿಡುವ ಹನಿ ಔಷಧಗಳೂ ನುಂಗಿಸುವ ಮಾತ್ರೆಗಳೂ ಈಗ ದೊರೆಯುತ್ತವೆ. ಇವುಗಳನ್ನು ಪಶುವೈದ್ಯರ ಸಲಹೆಯಂತೆ, ಪ್ರಾಣಿಯ ತೂಕವನ್ನೂ ವಯಸ್ಸನ್ನೂ ನೋಡಿ, ಮನೆಯ ಎಲ್ಲ ನಾಯಿಬೆಕ್ಕುಗಳಿಗೂ ಉಪಯೋಗಿಸಬೇಕು.

ಎಚ್ಚರಿಕೆ:— ಬೆಳೆಗೆ ಸಿಂಪಡಿಸುವ ವಿಷವನ್ನಾಗಲಿ, ಸೀಮೆಎಣ್ಣೆಯನ್ನಾಗಲಿ, ಹೊಗೆಸೊಪ್ಪಿನ ಕಷಾಯವನ್ನಾಗಲಿ ಪ್ರಾಣಿಗಳ ಮೈಗೆ ಎಂದಿಗೂ ಹಚ್ಚಕೂಡದು. ನಾಯಿಗಳಿಗಾಗಿ ಮಾಡಿದ ಪರ್ಮೆಥ್ರಿನ್ ಔಷಧವು ಬೆಕ್ಕಿಗೆ ಪ್ರಾಣಾಂತಕವಾದುದು. ರೇಷ್ಮೆ ಸಾಕುವ ಮನೆಗಳಲ್ಲಿ ಇನ್ನೂ ಹೆಚ್ಚಿನ ಜಾಗರೂಕತೆ ಬೇಕು. ಕೀಟನಾಶಕದ ಅಲ್ಪ ಸೋಂಕಿನಿಂದಲೂ ಹುಳುಗಳೆಲ್ಲ ನಾಶವಾಗಬಹುದು. ಅಲ್ಲಿ ಗುಡಿಸುವುದು, ಕುದಿನೀರು, ಬಿಸಿಲು ಇವನ್ನೇ ನೆಚ್ಚಿಕೊಳ್ಳುವುದು ಮೇಲು.

ಇಲಿಯ ಚಿಗಟ:— ಇಲಿಗಳ ಮೈಮೇಲಿನ ಚಿಗಟದ ವಿಷಯವನ್ನು ಪ್ರತ್ಯೇಕವಾಗಿ ಗಮನಿಸಬೇಕು. ಪ್ಲೇಗು ಇಲಿಯಿಂದ ಇಲಿಗೆ ಚಿಗಟದ ಮೂಲಕ ಹರಡುವುದೆಂಬುದನ್ನು ೧೮೯೮ರಲ್ಲಿ ಪಾಲ್ ಲೂಯಿ ಸೀಮೋನ್ ಎಂಬ ಫ್ರೆಂಚ್ ವೈದ್ಯರು ಕರಾಚಿಯಲ್ಲಿ ಪ್ರಯೋಗದಿಂದ ತೋರಿಸಿದರು. ಅದೇ ವರ್ಷ ಆ ಜಾಡ್ಯವು ಬೆಂಗಳೂರನ್ನೂ ಹೊಕ್ಕು ಅಪಾರ ಪ್ರಾಣಹಾನಿಯನ್ನುಂಟುಮಾಡಿತು. ಇಲಿ ಸತ್ತು ಮೈ ತಣ್ಣಗಾದೊಡನೆ ಅದರ ಚಿಗಟಗಳು ಬೇರೆ ಪ್ರಾಣಿಯನ್ನೋ ಮನುಷ್ಯರನ್ನೋ ಹುಡುಕಿಕೊಂಡು ಹೊರಡುವುವು. ಆದುದರಿಂದ ಕಾರಣವಿಲ್ಲದೆ ಅನೇಕ ಇಲಿಗಳು ಸತ್ತು ಬಿದ್ದರೆ ಅವನ್ನು ಕೈಯಿಂದ ಮುಟ್ಟದೆ, ಕೂಡಲೇ ಆರೋಗ್ಯ ಕೇಂದ್ರಕ್ಕೆ ತಿಳಿಸತಕ್ಕದ್ದು. ಅಂತಹ ಸಂದರ್ಭದಲ್ಲಿ ಮೊದಲು ಚಿಗಟಗಳನ್ನು ನಾಶಮಾಡಿ, ಆಮೇಲೆ ಇಲಿಗಳನ್ನು ಕೊಲ್ಲುವುದೇ ಸರಿಯಾದ ಕ್ರಮ.

ಮಳೆಗಾಲದ ತೇವದಲ್ಲಿ ಚಿಗಟಗಳು ಬಲು ಬೇಗ ಹೆಚ್ಚುವುವು. ಬೇಸಗೆಯ ಕೊನೆಯಲ್ಲಿಯೇ ಬಿರುಕುಗಳನ್ನು ಮುಚ್ಚಿ, ಹಾಸುಗಳನ್ನು ಒಣಗಿಸಿಕೊಂಡ ಗೃಹಸ್ಥನಿಗೆ ಮುಂದಿನ ಶ್ರಮವೂ ಔಷಧದ ಖರ್ಚೂ ಬಹುಪಾಲು ಉಳಿಯುವುವು.