ಅಮ್ಮನ ಕಾಲಗಣನೆ

ಚಾಮರಾಜಪೇಟೆಯಲ್ಲಿ 1939ರಲ್ಲಿ ಆರಂಭವಾದ ರಾಮನವಮಿ ಸಂಗೀತೋತ್ಸವವೇ ನನ್ನ ತಾಯಿಯ ಕಾಲಗಣನೆಗೆ ಆಧಾರ. ಅಕ್ಕನ ನಿಶ್ಚಿತಾರ್ಥ, ತಂದೆಯವರ ಬಡ್ತಿ, ತಮ್ಮನ ಉಪನಯನ, ಯಾವುದಕ್ಕೂ ಇಸವಿಯಿಲ್ಲ. ಕೋಟೆ ಹೈಸ್ಕೂಲು ಮೈದಾನದ ಚಪ್ಪರದಲ್ಲಿ ಆ ವರ್ಷ ಯಾರ ಕಚೇರಿ ಕೇಳಿದೆವು, ಮಳೆ ಬಂದು ಯಾರ ಮನೆಯ ಜಗುಲಿಯಲ್ಲಿ ನಿಂತೆವು ಎಂಬುದಷ್ಟೇ ಗುರುತು. ಅರ್ಥಶಾಸ್ತ್ರ ಓದಿದ ನಾನು ಒಳಗೊಳಗೇ ನಗುತ್ತಿದ್ದೆ. ಜನಗಣತಿಯ ಕೆಲಸಕ್ಕೆ ಹೋದಾಗ, ಹುಟ್ಟಿದ ದಿನ ತಿಳಿಯದವರ ವಯಸ್ಸನ್ನು ಬರ, ನೆರೆಗಳ ನೆನಪಿನಿಂದಲೇ ಅಂದಾಜಿಸಬೇಕಾಯಿತು. ಶಾಲಾ ದಾಖಲೆಯಂತೆ ನಾನು ಹುಟ್ಟಿದ್ದು ಜೂನ್‌ನಲ್ಲಿ. ಅಮ್ಮನ ಪ್ರಕಾರ ಉತ್ಸವದ ಮೂರನೆಯ ಕಚೇರಿಯ ಮರುದಿನ, ಎಂದರೆ ಏಪ್ರಿಲ್. ಸರ್ಕಾರ ಜೂನನ್ನು ನಂಬಿತು. ಎರಡು ತಿಂಗಳ ಸಂಬಳ ನನಗೆ ಲಾಭ. ತೊಂಬತ್ತು ಸಮೀಪಿಸಿದ ಅಮ್ಮ ಈಗೀಗ ನನ್ನ ಹೆಸರನ್ನೂ ಮರೆಯುತ್ತಾಳೆ. ಚೈತ್ರದ ಸಂಜೆಗಳಲ್ಲಿ ಮಾತ್ರ ಕೇಳುತ್ತಾಳೆ: “ಜಮಖಾನ ತಗೊಂಡೆಯೇನೋ? ಮುಂದೆ ಜಾಗ ಸಿಗೋಲ್ಲ.”